ಚೆಕ್ ಬಂತು, ನೀರು ಸರಿಹೋಯ್ತಾ?

‘ಎರಿನ್ ಬ್ರೊಕೊವಿಚ್’ ಸಿನಿಮಾ ಮೊದಲು ನೋಡಿದ್ದು ಹಾಸ್ಟೆಲ್‌ನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ. ಕೊನೆಯಲ್ಲಿ ಎಲ್ಲರೂ ಶಿಳ್ಳೆ ಹೊಡೆದಿದ್ವಿ. ಮೊನ್ನೆ ಮತ್ತೆ ನೋಡಿದೆ. ಈ ಸಲ ಶಿಳ್ಳೆ ಬರಲಿಲ್ಲ, ಒಂದು ಪ್ರಶ್ನೆ ಬಂತು: ಸರಿ, ಆ ನೀರಿನ ಕತೆ ಏನಾಯ್ತು?

ಸ್ಟೀವನ್ ಸೋಡರ್‌ಬರ್ಗ್ 2000ರಲ್ಲಿ ತೆಗೆದ, ಜೂಲಿಯಾ ರಾಬರ್ಟ್ಸ್‌ಗೆ ಆಸ್ಕರ್ ತಂದುಕೊಟ್ಟ ಈ ಚಿತ್ರದ್ದು ನಿಜವಾಗಿ ನಡೆದ ಕತೆ. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಊರಿನಲ್ಲಿ ಪಿಜಿ ಅಂಡ್ ಇ ಕಂಪನಿಯ ಗ್ಯಾಸ್ ಕಂಪ್ರೆಸರ್ ಸ್ಟೇಷನ್ ಇತ್ತು. ಕೂಲಿಂಗ್ ಟವರಿಗೆ ತುಕ್ಕು ಹಿಡಿಯದಿರಲಿ ಅಂತ 1952ರಿಂದ 1966ರವರೆಗೆ ಹೆಕ್ಸಾವಲೆಂಟ್ ಕ್ರೋಮಿಯಂ ಬಳಸಿದರು. ಬಳಸಿದ ನೀರನ್ನು ಬರೀ ಮಣ್ಣಿನ ಹೊಂಡಗಳಿಗೆ ಬಿಟ್ಟರು. ಅದು ಇಂಗಿ ಜನರ ಬಾವಿ ಸೇರಿತು. 1996ರಲ್ಲಿ 33.3 ಕೋಟಿ ಡಾಲರ್‌ಗೆ ಕೇಸು ಇತ್ಯರ್ಥವಾಯಿತು.

ಚಿತ್ರದ ಮೊದಲರ್ಧ ನನಗೆ ಈಗಲೂ ಇಷ್ಟ. ಎರಿನ್ ಸರ್ಕಾರಿ ಕಚೇರಿಯಲ್ಲಿ ಹಳೇ ಕಡತ ಕೆದಕುತ್ತಾಳೆ, ಹೊಂಡದ ನೀರು ತುಂಬಿಕೊಳ್ಳುತ್ತಾಳೆ, ಮನೆಮನೆಗೂ ಹೋಗಿ ಕೂರುತ್ತಾಳೆ. ನೀರು ಎಲ್ಲಿ, ಹೇಗೆ ಕೆಟ್ಟಿತು ಅನ್ನುವ ಹುಡುಕಾಟ ಶುರುವಾಗುವುದೇ ಹೀಗೆ. ಕಂಪನಿಯ ವಕೀಲೆಯ ಮುಂದೆ ಹಿಂಕ್ಲಿಯ ನೀರಿನ ಲೋಟ ಇಡುವ ದೃಶ್ಯವಂತೂ ಮರೆಯೋಕಾಗಲ್ಲ.

ಆದರೆ ಕೊನೆಯ ದೃಶ್ಯದಲ್ಲಿ ಎರಿನ್ ಕೈಗೆ ಚೆಕ್ ಬರುತ್ತೆ, ಸಿನಿಮಾ ಮುಗಿಯುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಟಿಕೆಟ್ ಕ್ಲೋಸ್ ಆಯ್ತು, ಬಗ್ ಹಾಗೇ ಇದೆ.

ಕ್ರೋಮಿಯಂ ಚೆಕ್ ನೋಡಿ ನಿಲ್ಲಲಿಲ್ಲ. ಮುಂದೆಯೂ ಅಂತರ್ಜಲದಲ್ಲಿ ಹಬ್ಬಿತು. ಕಂಪನಿ ಮನೆಗಳನ್ನು ಕೊಂಡುಕೊಂಡಿತು, ಜನ ಖಾಲಿಯಾದರು, 2013ರಲ್ಲಿ ಊರಿನ ಶಾಲೆ ಮುಚ್ಚಿತು. ಶುದ್ಧೀಕರಣ ಇನ್ನೂ ನಡೀತಿದೆ. ವೀಕ್ಷಣಾ ಬಾವಿಗಳನ್ನು ಕೊರೆದು, ವಿಷ ಎಲ್ಲಿವರೆಗೆ ಹೋಗಿದೆ ಅಂತ ನೋಡುತ್ತಾರೆ. ನೆಲದೊಳಕ್ಕೆ ಎಥೆನಾಲ್ ಬಿಡುತ್ತಾರೆ. ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳಿಂದ ಕ್ರೋಮಿಯಂ ಕಡಿಮೆ ವಿಷದ ರೂಪಕ್ಕೆ ತಿರುಗಿ ಮಣ್ಣಲ್ಲೇ ಉಳಿದುಬಿಡುತ್ತೆ. ಕೆಟ್ಟ ನೀರನ್ನೇ ಎತ್ತಿ ಕುದುರೆಮಸಾಲೆ ಮೇವು ಬೆಳೆಯುತ್ತಾರೆ, ಬೇರಿನ ಸುತ್ತ ಅದೇ ಕೆಲಸ ನಡೆಯುತ್ತೆ. ಹೊಂಡಕ್ಕೆ ಬಿಟ್ಟಿದ್ದು ಹದಿನಾಲ್ಕು ವರ್ಷ, ತೊಳೆಯೋಕೆ ದಶಕಗಳು. ನನ್ನ ಪ್ರಕಾರ ನಿಜವಾದ ಸಿನಿಮಾ ಇದು.

ಇದು ದೂರದ ಕತೆ ಅನ್ನೋ ಹಾಗಿಲ್ಲ. ನೀವು ಮೆಟ್ರೋದಲ್ಲಿ ದಾಟಿಹೋಗುವ ಪೀಣ್ಯದ ಅಂತರ್ಜಲದಲ್ಲೂ ಹೆಕ್ಸಾವಲೆಂಟ್ ಕ್ರೋಮಿಯಂ ಇದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಅದಕ್ಕೆ ದೊಡ್ಡ ಮೂಲ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಇಂಥ ದೊಡ್ಡ ಖಳನಾಯಕ ಬೇಕಾಗಿಲ್ಲ. ಬಾವಿ ಪಕ್ಕದ ಶೌಚದ ಗುಂಡಿ, ತಿಪ್ಪೆ, ಊರಾಚೆಯ ಕಸದ ರಾಶಿ ಸಾಕು, ನೀರಿಗೆ ನೈಟ್ರೇಟ್ ಸೇರುತ್ತೆ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯೋಕೆ ಯೋಗ್ಯವಲ್ಲ, ಹಸುಗೂಸುಗಳಿಗಂತೂ ಅಪಾಯ. ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗಲ್ಲ. ಮೇಲಾಗಿ ಹಿಂಕ್ಲಿಯದು ಮರಳು, ಜಲ್ಲಿಯ ನೆಲ. ನಮ್ಮದು ಗಟ್ಟಿ ಬಂಡೆ, ಆಳದ ನೀರು ಓಡೋದು ಬಿರುಕುಗಳಲ್ಲಿ. ಹಾಗಾಗಿ ಒಂದು ಬೋರು ಚೆನ್ನಾಗಿದ್ದು ಪಕ್ಕದ್ದೇ ಕೆಟ್ಟಿರಬಹುದು. ಒಂದೆರಡು ಕಡೆ ನೋಡಿ ತೀರ್ಮಾನ ಹೇಳೋಕಾಗಲ್ಲ.

ನಾನು ಚಿಕ್ಕವನಿದ್ದಾಗ ಬೋರಿನ ನೀರು ಕೆಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅದ್ ಕೆಟ್ಟೋಯ್ತು, ಇನ್ನೊಂದ್ ಹೊಡ್ಸಿ’. ಯಾಕೆ ಕೆಡ್ತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೆ ಬಿಟ್ಟ ಬೋರಿನ ಬಾಯಿ ಮುಚ್ಚದಿದ್ದರೆ ಮೇಲಿನ ಕೊಳಕು ಅದರಲ್ಲೇ ನೇರ ಕೆಳಗಿಳಿಯುತ್ತೆ, ಹೊಸ ಬೋರಿಗೂ ತಲುಪಬಹುದು. ಅವರು ಚೆಕ್‌ಗೆ ಕತೆ ಮುಗಿಸಿದರು, ನಾವು ಹೊಸ ಬೋರಿಗೆ ಮುಗಿಸ್ತೀವಿ. ಬೆಂಗಳೂರಿಗೆ ಬಂದವರು ಆರ್‌ಒ ಹಾಕಿಸಿ ಮುಗಿಸ್ತೀವಿ.

ಸಿನಿಮಾ ನೋಡಿ, ಚೆನ್ನಾಗಿದೆ. ಆಮೇಲೆ ಊರಿಗೆ ಒಂದು ಫೋನ್ ಮಾಡಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು ಅಂತಿದೆ. ನಮ್ಮೂರಲ್ಲಿ ಆ ಐವರು ಯಾರು, ನೈಟ್ರೇಟ್ ಎಷ್ಟು ಬಂತು, ಆ ಹಳೇ ಬೋರಿನ ಬಾಯಿ ಮುಚ್ಚಿದ್ದಾರಾ ಅಂತ ಕೇಳಿ. ನಾನು ಅಮ್ಮನಿಗೆ ಮೊನ್ನೆ ಇದನ್ನೇ ಕೇಳಿದೆ. ‘ಇಷ್ಟು ವರ್ಷ ಆದ್ಮೇಲೆ ಈಗ ಕೇಳ್ತಿದೀಯಲ್ಲ’ ಅಂದಳು.