ಮುಲಾನ್‌ಳ ದೊರೆಯೂ ಖಾನನೇ

ಮಗಳ ಹಠಕ್ಕೆ ಡಿಸ್ನಿಯವರ ‘ಮುಲಾನ್’ ನೋಡಿದೆ. 2020ರದ್ದು, ನಿಕಿ ಕ್ಯಾರೊ ನಿರ್ದೇಶನದ್ದು, ಕಾರ್ಟೂನ್ ಅಲ್ಲ. ಅವಳಿಗೆ ಇಷ್ಟ ಆಯ್ತು. ನನಗೂ ಮೊದಲ ಅರ್ಧ ಗಂಟೆ ಇಷ್ಟ ಆಯ್ತು, ಸುಳ್ಳು ಯಾಕೆ ಹೇಳಲಿ. ಕೈಲಾಗದ ಅಪ್ಪನ ಬದಲು ಮಗಳು ಗಂಡುವೇಷ ಹಾಕಿಕೊಂಡು ಯುದ್ಧಕ್ಕೆ ಹೋಗುವ ಕತೆ ಯಾವ ಊರಲ್ಲಿ ಹೇಳಿದರೂ ಜನ ಕೂತು ಕೇಳ್ತಾರೆ. ನನ್ನ ತಕರಾರು ಶುರುವಾಗಿದ್ದು ಶತ್ರು ಬಂದ ಮೇಲೆ.

ಶತ್ರುವಿನ ಹೆಸರು ಬೋರಿ ಖಾನ್. ಉತ್ತರದ ಹುಲ್ಲುಗಾವಲಿನ ರೌರಾನ್ ಜನರ ನಾಯಕ. ಕಪ್ಪು ಬಟ್ಟೆ, ಜೊತೆಗೊಬ್ಬ ಮಾಟಗಾತಿ, ಗೋಡೆ ಮೇಲೆ ಹಲ್ಲಿಗಳ ಹಾಗೆ ಓಡುವ ಸೈನಿಕರು. ಈ ಕಡೆ ಜೆಟ್ ಲಿ ಮಾಡಿರುವ ಚಕ್ರವರ್ತಿ: ಬಂಗಾರ, ರೇಷ್ಮೆ, ತೂಕದ ಮಾತು. ಗಡಿಯ ಒಳಗಿನವರು ನಾಗರಿಕರು, ಹೊರಗಿನವರು ಕಾಡುಜನ. ಯಾರ ಕಡೆ ಚಪ್ಪಾಳೆ ಹೊಡೆಯಬೇಕು ಅಂತ ಆರು ವರ್ಷದ ಮಗುವಿಗೂ ಗೊತ್ತಾಗುತ್ತೆ.

ಆದರೆ ಈ ಕತೆಯ ಮೂಲ ಒಂದು ಪುಟ್ಟ ಲಾವಣಿ. ಅದರಲ್ಲಿ ಸೈನ್ಯಕ್ಕೆ ಜನ ಕರೆಯುವ ದೊರೆಯನ್ನೇ ‘ಖಾನ್’ ಅಂತಾರೆ! ಮುಲಾನ್ ಹೋರಾಡುವುದು ಖಾನನಿಗಾಗಿ. ವರ್ಷಗಟ್ಟಲೆ ದುಡಿದು ಬಂದಾಗ ಪದವಿ ಕೊಡ್ತೀನಿ ಅನ್ನುವವನೂ ಅವನೇ. ಸಿನಿಮಾ ಆ ಬಿರುದನ್ನು ಕಿತ್ತು ಖಳನಾಯಕನ ತಲೆಗೆ ಕಟ್ಟಿದೆ. ಮುಲಾನ್‌ಳ ಮನೆಯನ್ನು ದಕ್ಷಿಣದ ಫೂಜಿಯಾನ್‌ನ ದುಂಡನೆಯ ಮಣ್ಣಿನ ಕೋಟೆಮನೆಯಲ್ಲಿ ತೋರಿಸಿದ್ದನ್ನು ಬೇಕಾದರೆ ಕ್ಷಮಿಸೋಣ, ಅದು ಸೆಟ್ಟಿನವರ ಆಸೆ. ಇದು ಹಾಗಲ್ಲ. ಇದರಿಂದ ಕತೆಯ ಬುಡವೇ ಬದಲಾಗಿದೆ.

ಯಾಕೆ ಅಂದ್ರೆ ಲಾವಣಿ ಹುಟ್ಟಿದ್ದು ಉತ್ತರ ವೆಯ್ ರಾಜ್ಯದ ಕಾಲದಲ್ಲಿ (386–534) ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಆಗ ಉತ್ತರ ಚೀನಾ ಆಳುತ್ತಿದ್ದವರು ತುವೋಬಾ ಮನೆತನ. ಅವರು ಶಿಯಾನ್‌ಬೆ ಜನ, ತಾವೇ ಹುಲ್ಲುಗಾವಲಿನಿಂದ ಕುದುರೆ ಹತ್ತಿ ಬಂದವರು. 1980ರಲ್ಲಿ ಒಳ ಮಂಗೋಲಿಯಾದ ಗಾಶಿಯಾನ್ ಗುಹೆಯಲ್ಲಿ ಒಂದು ಶಾಸನ ಸಿಕ್ಕಿತು. 443ರಲ್ಲಿ ವೆಯ್ ಚಕ್ರವರ್ತಿ ತೈವು ತನ್ನ ಹಿರಿಯರಿಗೆ ಪೂಜೆ ಮಾಡಿಸಿ ಕೆತ್ತಿಸಿದ್ದು. ಕಲ್ಲಿನಲ್ಲಿ ಹಿರಿಯರನ್ನು ಖಾನ್ ಅಂತಲೇ ಕರೆದಿದೆ. ಅದೇ ಪ್ರಾರ್ಥನೆ ಮುಂದೆ ರಾಜ್ಯದ ಇತಿಹಾಸ ಗ್ರಂಥಕ್ಕೆ ಇಳಿದಾಗ ಆ ಪದ ಮಾಯ. ಡಿಸ್ನಿಗಿಂತ ಬಹಳ ಮೊದಲೇ ಯಾರೋ ಎಡಿಟ್ ಮಾಡಿದ್ದರು.

ಇನ್ನು ಯುದ್ಧ. ಸಿನಿಮಾದಲ್ಲಿ ರೌರಾನರು ಬಯಲಲ್ಲಿ ಬೆಂಕಿ ಗುಂಡು ಎಸೆಯುವ ದೊಡ್ಡ ಕವಣೆಯಂತ್ರ ನಿಲ್ಲಿಸಿಕೊಂಡು ಹೋರಾಡ್ತಾರೆ, ಹಿಮಪಾತಕ್ಕೆ ಸಿಕ್ಕಿ ಸಾಯ್ತಾರೆ. ಕುದುರೆಯವನ ಬಲವೇ ಒಂದು ಕಡೆ ನಿಲ್ಲದೆ ಇರುವುದು. ಅವನ ಕೈಗೆ ಕವಣೆ ಕೊಟ್ಟರೆ ಈಜುವವನ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ನಿಜವಾದ ಲೆಕ್ಕಾಚಾರ ಬೇಕಾದರೆ 429ಕ್ಕೆ ಹೋಗಬೇಕು. ತೈವು ರೌರಾನರ ಮೇಲೆ ದಂಡೆತ್ತಿ ಹೋಗಲು ಹೊರಟಾಗ ಆಸ್ಥಾನದ ಹೆಚ್ಚಿನವರು ಬೇಡ ಅಂದರು, ದಕ್ಷಿಣದವರು ಹಿಂದಿನಿಂದ ಬಂದರೆ ಏನು ಗತಿ ಅಂತ. ತ್ಸುಯಿ ಹಾವೊ ಅನ್ನುವ ಹಾನ್ ಮಂತ್ರಿ ಮಾತ್ರ ಹೋಗಿ ಅಂದ. ಅವನ ವಾದ ಇದು: ಬೇಸಿಗೆಯಲ್ಲಿ ರೌರಾನರು ಮೇವಿಗೆ ಚದುರಿರುತ್ತಾರೆ, ಮಳೆಗಾಲ ಕಳೆದು ಕುದುರೆ ಮೈತುಂಬಿಕೊಂಡ ಮೇಲೆ ಒಟ್ಟಾಗಿ ದಕ್ಷಿಣಕ್ಕೆ ಸುಲಿಗೆಗೆ ಬರುತ್ತಾರೆ. ಬೇಸಿಗೆಯಲ್ಲೇ ಹೋದರೆ ಗಂಡು ಕುದುರೆ ಹಿಂಡು ಕಾಯುತ್ತಿರುತ್ತೆ, ಹೆಣ್ಣು ಕುದುರೆ ಮರಿ ಬಿಟ್ಟು ಕದಲಲ್ಲ. ಕರು ಹಾಕಿದ ಎಮ್ಮೆಯನ್ನು ಕೊಟ್ಟಿಗೆಯಿಂದ ಎಬ್ಬಿಸಿ ಹೊಡೆದುಕೊಂಡು ಹೋಗಲು ಒದ್ದಾಡಿದವರಿಗೆ ಈ ಮಾತಿನ ತೂಕ ಗೊತ್ತು.

ತೈವು ಮರುಭೂಮಿಯ ಅಂಚಿನಲ್ಲಿ ಸಾಮಾನು ಸರಂಜಾಮು ಬಿಟ್ಟು, ಹಗುರ ಕುದುರೆ ಪಡೆಗೆ ಬದಲಿ ಕುದುರೆಗಳನ್ನೂ ಕೊಟ್ಟು ನುಗ್ಗಿದ. ರೌರಾನ್ ಖಾನ್ ದಾತಾನ್ ಪಶ್ಚಿಮಕ್ಕೆ ಓಡಿದ, ಜನ ದಿಕ್ಕಾಪಾಲಾದರು. ಹುಲ್ಲುಗಾವಲಿನವರನ್ನು ಹುಲ್ಲುಗಾವಲಿನ ವಿದ್ಯೆಯಿಂದಲೇ ಹೊಡೆದದ್ದು. ಇದರಲ್ಲಿ ಒಳಗಿನವರು ಯಾರು, ಹೊರಗಿನವರು ಯಾರು?

ಇದೇ ತೈವು ರೌರಾನರಿಗೆ ಹೊಸ ಹೆಸರಿಟ್ಟ: ‘ರುರು’, ಅಂದ್ರೆ ಹರಿದಾಡುವ ಹುಳ. ಬರೆಯುವ ಅಕ್ಷರದಲ್ಲೇ ಹುಳುವಿನ ಗುರುತಿದೆ. ಹಿರಿಯರನ್ನು ಖಾನ್ ಅಂತ ಪೂಜಿಸಿದವನು ಹಿಂದೆ ಉಳಿದ ಇನ್ನೊಬ್ಬ ಖಾನನ ಜನರನ್ನು ಹುಳ ಅಂತಾನೆ. ಓದಿದಾಗ ನಗು ಬಂತು, ಆಮೇಲೆ ನಿಂತುಹೋಯ್ತು. ಹೋದ ವರ್ಷ ನಮ್ಮ ಟೀಮಿಗೆ ಸೇರಿದ ಹಳ್ಳಿ ಹುಡುಗನೊಬ್ಬನ ಇಂಗ್ಲಿಷ್ ಕೇಳಿ ಮೀಟಿಂಗಲ್ಲಿ ಮೊದಲು ಮುಸಿಮುಸಿ ನಕ್ಕವನು ನಾನೇ. ನಾನು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಆಗ ಹನ್ನೆರಡು ವರ್ಷ.

ತುವೋಬಾಗಳು ಅಲ್ಲಿಗೂ ನಿಲ್ಲಲಿಲ್ಲ. ಚಕ್ರವರ್ತಿ ಶಿಯಾವೊವೆನ್ ರಾಜಧಾನಿಯನ್ನು ಪಿಂಗ್‌ಚೆಂಗ್‌ನಿಂದ (ಈಗಿನ ದಾತೊಂಗ್) ದಕ್ಷಿಣದ ಲುವೊಯಾಂಗಿಗೆ ಒಯ್ದ. 495ರಲ್ಲಿ ಆಸ್ಥಾನದಲ್ಲಿ ಶಿಯಾನ್‌ಬೆ ಮಾತಾಡಬಾರದು ಅಂದ. ಮೂವತ್ತು ದಾಟಿದವರಿಗೆ ಮಾತ್ರ ಸ್ವಲ್ಪ ರಿಯಾಯಿತಿ, ನಾಲಿಗೆ ತಿರುಗಲ್ಲ ಅಂತ. ಮಾರನೇ ವರ್ಷ ಮನೆತನದ ಹೆಸರನ್ನೇ ತುವೋಬಾ ಬಿಟ್ಟು ಚೀನೀ ಶೈಲಿಯ ‘ಯುವಾನ್’ ಅಂತ ಬದಲಿಸಿದ. ರೌರಾನರ ಎದುರು ಉತ್ತರದ ಗಡಿ ಕಾಯಲು ನಿಲ್ಲಿಸಿದ್ದ ಆರು ಠಾಣೆಗಳ ಸೈನಿಕರು ಒಂದು ಕಾಲಕ್ಕೆ ಗೌರವದವರು. ಹೊಸ ರಾಜಧಾನಿಯ ಜನಕ್ಕೆ ಅವರು ಒರಟರಾದರು. 520ರ ದಶಕದಲ್ಲಿ ಠಾಣೆಗಳು ದಂಗೆ ಎದ್ದವು. 534ರಲ್ಲಿ ರಾಜ್ಯ ಎರಡಾಯಿತು.

ಇಷ್ಟೆಲ್ಲ ಸಾಮಗ್ರಿ ಕಣ್ಣೆದುರಿಗಿದ್ದೂ, ಸುಮಾರು 200 ಮಿಲಿಯನ್ ಡಾಲರ್ ಖರ್ಚು ಮಾಡಿದ ಸಿನಿಮಾ ಹೇಳುವುದು ಬೋರಿ ಖಾನನ ಅಪ್ಪನ ಸೇಡಿನ ಕತೆ. ಲಾವಣಿಯವರು ಯುದ್ಧಕ್ಕೆ ಕೆಲವೇ ಸಾಲು ಕೊಟ್ಟು, ಮುಲಾನ್ ನಾಲ್ಕು ಸಂತೆ ಸುತ್ತಿ ಕುದುರೆ, ಜೀನು, ಕಡಿವಾಣ, ಚಾಟಿ ಕೊಳ್ಳುವುದಕ್ಕೆ ಜಾಗ ಬಿಡುತ್ತಾರೆ. ಕೊನೆಗೆ ಖಾನ್ ಏನು ಬೇಕು ಅಂತ ಕೇಳಿದಾಗ ಪದವಿ ಬೇಡ, ಊರಿಗೆ ಹೋಗಲು ವೇಗದ ಸವಾರಿ ಕೊಡಿ ಅಂತಾಳೆ. ಕೆಲವು ಪಾಠಗಳಲ್ಲಿ ಅದು ಒಂಟೆ. ಮಗಳಿಗೆ ಇದನ್ನು ಹೇಳಿದೆ. ಒಂಟೆ ಸಿನಿಮಾದಲ್ಲಿ ಯಾಕಿಲ್ಲ ಅಂತ ಇನ್ನೂ ಜಗಳ ಆಡ್ತಿದ್ದಾಳೆ.