ಮೀನಿನ ತೊಟ್ಟಿಗೆ ಅಟ್ಟದ ಮರಗೆಲಸ

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಮೀನಿನ ತೊಟ್ಟಿಗೆ ಅಂಚಿನವರೆಗೆ ನೀರು ತುಂಬಿದರೆ ನೀರೊಂದೇ ಸುಮಾರು 340 ಕಿಲೋ. ಗಾಜು, ಜಲ್ಲಿ ಸೇರಿದರೆ ನಾಲ್ಕೂವರೆ ಕ್ವಿಂಟಲ್ ಹತ್ತಿರ. ಅಷ್ಟು ಭಾರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಆದರೂ ಅದನ್ನು ಹೊರುವ ಸ್ಟ್ಯಾಂಡನ್ನು ಟಿವಿ ಶೋಕೇಸ್ ಮಾಡಿಸಿದ ಹಾಗೆ ಮಾಡಿಸುವ ರೂಢಿ ಬೆಳೆದಿದೆ. ಬಾಣಾವರದ ಕಡೆ ಇದು ನಡೆಯಬಾರದು ಎಂಬುದು ನನ್ನ ತಕರಾರು.

ಯಾಕೆಂದರೆ ಇದು ಕೊಬ್ಬರಿ ಸೀಮೆ. ಬಲಿತ ಕಾಯನ್ನು ಸುಲಿಯದೆ ಎಂಟು, ಹತ್ತು, ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿಸಿ ಉಂಡೆ ಕೊಬ್ಬರಿ ಮಾಡುವ ನಾಡು. ಸಾವಿರ ಕಾಯಿ ಏರಿಸಿದರೆ ಟನ್ನಿನ ಆಸುಪಾಸು ಭಾರ. ಅದನ್ನು ಹೊತ್ತ ಅಟ್ಟಗಳಲ್ಲಿ ಕಂಬದ ನೆತ್ತಿಯ ಮೇಲೆ ತೊಲೆ ಕೂತಿರುತ್ತದೆ, ತೊಲೆಯ ಮೇಲೆ ಜಂತೆ. ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರುತ್ತದೆ; ಮೊಳೆ ಇರುವುದು ಮರ ಕದಲದಿರಲಿ ಎಂದಷ್ಟೇ.

ಶೋಕೇಸ್ ಮಾದರಿಯ ಸ್ಟ್ಯಾಂಡಿನಲ್ಲಿ ಇದು ತಲೆಕೆಳಗು. ಮೇಲಿನ ಹಲಗೆಯನ್ನು ಎರಡು ಪಕ್ಕದ ಹಲಗೆಗಳ ನಡುವೆ ಸಿಕ್ಕಿಸಿ ಸ್ಕ್ರೂ ಬಿಗಿಯುತ್ತಾರೆ. ಆಗ ತೊಟ್ಟಿಯನ್ನು ಹೊತ್ತಿರುವುದು ಬೆರಳೆಣಿಕೆಯ ಸ್ಕ್ರೂಗಳು. ಹಲಗೆ ಪಾರ್ಟಿಕಲ್ ಬೋರ್ಡ್ ಆದರಂತೂ ಮುಗಿಯಿತು: ಅಂಚಿನಿಂದ ನೀರು ಹೀರಿ ಊದಿಕೊಳ್ಳುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಮೇಲೆ ಅಂಟಿಸಿದ ಲ್ಯಾಮಿನೇಟ್ ಎಷ್ಟೇ ಹೊಳೆಯಲಿ, ಅದನ್ನು ನಾನು ಒಳ್ಳೆಯ ಕೆಲಸ ಎನ್ನಲಾರೆ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಗುರುತಿನ ಮರೀನ್ ಪ್ಲೈ ತರಬೇಕು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಪಟ್ಟಿಯನ್ನು ತೊಟ್ಟಿಯ ಕೆಳಗೆ ಮಲಗಿಸಿ ಹಾಕುತ್ತಾರೆ. ಅದನ್ನೇ ನಿಲ್ಲಿಸಿ ಹಾಕಿದರೆ ಬಾಗುವುದು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮರ ಬಾಗಿದರೆ ತಡೆದುಕೊಳ್ಳುತ್ತದೆ, ಗಾಜು ತಡೆಯುವುದಿಲ್ಲ. ತೊಟ್ಟಿಯ ತಳಕ್ಕೆ ಹಾಸುವ ಥರ್ಮಾಕೋಲ್ ಸಣ್ಣ ಉಬ್ಬುತಗ್ಗು ನುಂಗಬಲ್ಲದೇ ಹೊರತು ಬಾಗಿದ ತೊಲೆಯನ್ನು ಸರಿಮಾಡಲಾರದು.

ಆದರೆ ಅಟ್ಟದ ವಿದ್ಯೆಯೊಂದೇ ಇಲ್ಲಿ ಸಾಲದು. ಅಟ್ಟದ ತೊಲೆಗಳು ಗೋಡೆಯೊಳಗೆ ಹೂತಿರುತ್ತವೆ, ಓಲಾಡದಂತೆ ಗೋಡೆ ಹಿಡಿದಿರುತ್ತದೆ. ಸ್ಟ್ಯಾಂಡಿಗೆ ಆ ಆಸರೆ ಇಲ್ಲ. ಕಾಲು ಎಷ್ಟೇ ದಪ್ಪವಿರಲಿ, ಮಗು ಓಡಿಬಂದು ಒರಗಿದರೆ ಪಕ್ಕಕ್ಕೆ ವಾಲಬಹುದು. ಆದ್ದರಿಂದ ಹಿಂಬದಿಗೆ ಪೂರ್ತಿ ಹಲಗೆ ಹೊಡೆಯಬೇಕು, ಇಲ್ಲವೇ ಓರೆಪಟ್ಟಿ ಕೊಡಬೇಕು, ಪಕ್ಕಗಳಿಗೂ ಅಷ್ಟೇ. ದಪ್ಪ ಕಾಲಿಗೆ ಸುರಿಯುವ ದುಡ್ಡಿನಲ್ಲಿ ಕಾಲುಭಾಗವನ್ನು ಇದಕ್ಕೆ ಹಾಕಿದರೂ ಸಾಕು.

ಮರದ ವಿಚಾರಕ್ಕೆ ಬಂದರೆ, ತೇಗವೇ ಆಗಬೇಕೆಂಬ ಹಟ ಬೇಡ. ಹಲಸು ಬಾಳಿಕೆಯ ಮರ. ಬೇಲೂರು ಕಡೆಯ ಕಾಫಿ ತೋಟಗಳ ಸಿಲ್ವರ್ ಓಕ್ ಅಗ್ಗ, ಆದರೆ ಮೆದು. ಅದರಲ್ಲಿ ಮಾಡಿಸುವವರು ಅಳತೆಯನ್ನು ಒಂದು ಕೈ ಹೆಚ್ಚಿಗೆ ಹಿಡಿಯಬೇಕು. ನನಗೆ ಹೆಚ್ಚು ಆಸಕ್ತಿ ಇರುವುದು ತೆಂಗಿನಲ್ಲಿ. ಮುದಿ ತೆಂಗಿನ ಬುಡಭಾಗದಲ್ಲಿ ಹೊರಸುತ್ತಿನ ಮರ ಬಹಳ ಗಟ್ಟಿ. ನಡುವಿನ ತಿರುಳು ಮಾತ್ರ ಪುಸುಪುಸು, ಭಾರಕ್ಕೆ ನಿಲ್ಲದು. ಹೊರಸುತ್ತನ್ನಷ್ಟೇ ಕೊಯ್ಯಿಸಿ, ಚೆನ್ನಾಗಿ ಒಣಗಿಸಿ ತೊಲೆಗೆ ಬಳಸಬಹುದು. ಒದ್ದೆಗೆ ಬೇಗ ಕೊಳೆಯುವುದರಿಂದ ನೆಲ ಮುಟ್ಟುವ ಕಾಲಿಗೆ ಬೇಡ. ಎಲ್ಲಕ್ಕಿಂತ ಒಳ್ಳೆಯದು ಹಳೇ ಮನೆ ಬಿಚ್ಚಿದಾಗ ಸಿಗುವ ತೊಲೆ, ಕಂಬ. ಅವು ದಶಕಗಟ್ಟಲೆ ಒಣಗಿದ ಮರ, ಇನ್ನು ಸೊಟ್ಟಗಾಗುವ ಭಯ ಕಡಿಮೆ. ಅವನ್ನು ಸೌದೆಗೆ ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಭಾರ ಹೊರುವುದರಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ತುಕ್ಕಿನ ಕಡೆ ಗಮನವಿದ್ದರೆ ಆಯಿತು. ಮರದ್ದಕ್ಕೂ ಆರೈಕೆ ತಪ್ಪದು: ಒಳಗೂ ಹೊರಗೂ, ಮುಖ್ಯವಾಗಿ ಕತ್ತರಿಸಿದ ತುದಿಗಳಿಗೆ, ನೀರು ಹೀರದಂತೆ ಪಾಲಿಯುರೆಥೇನ್ ಬಳಿಯಬೇಕು. ಹೊರಮೈಗೆ ಮಾತ್ರ ಪಾಲಿಶ್ ಹೊಡೆದು ಕಳಿಸುವ ಕೆಲಸವನ್ನು ಒಪ್ಪಿಕೊಳ್ಳಬಾರದು. ಪೂರ್ತಿ ಕೂಲಿ ಕೊಡುವ ಮೊದಲು ತೊಟ್ಟಿಯನ್ನು ಕೂರಿಸಿ, ಕಾಲುಭಾಗ ನೀರು ತುಂಬಿ ರಸಮಟ್ಟ ಇಟ್ಟು ನೋಡಿ. ಅರ್ಧಕ್ಕೆ ಮತ್ತೊಮ್ಮೆ, ತುಂಬಿದ ಮೇಲೆ ಮಗದೊಮ್ಮೆ. ಗುಳ್ಳೆ ನಡುವಿನಿಂದ ಸರಿದರೆ ನೀರು ಇಳಿಸಿ, ಆಚಾರ್ರನ್ನು ಮತ್ತೆ ಕರೆಸಿ.