ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳ ಏಳಿಗೆ: ಪರಿಚಯವೋ, ಕಾರ್ಯವೋ?

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಆಯ್ಕೆಯನ್ನು ಕುರಿತ ವಾದವೊಂದುಂಟು. ಕೌಟಿಲ್ಯನು ಪರಿಚಯವನ್ನು ತಳ್ಳಿ ಕಾರ್ಯಸಾಮರ್ಥ್ಯವೊಂದನ್ನೇ ಎತ್ತಿಹಿಡಿದನೆಂದು ಆ ವಾದದಿಂದ ನಿರ್ಣಯಿಸುವುದು ಸುಲಭ. ಗ್ರಂಥದ ಇತರ ಪ್ರಕರಣಗಳನ್ನು ಅದರೊಡನೆ ಕೂಡಿಸಿ ನೋಡಿದರೆ ಈ ನಿರ್ಣಯವು ಅರ್ಧಸತ್ಯವೆಂದು ತೋರದಿರದು.

ಮೊದಲನೆಯ ಅಧಿಕರಣದ 8ನೆಯ ಅಧ್ಯಾಯದಲ್ಲಿ ಏಳು ಮಂದಿ ಆಚಾರ್ಯರ ಮತಗಳು ನಿರೂಪಿತವಾಗಿವೆ. ಅರಸನು ಸಹಪಾಠಿಗಳನ್ನು ನಿಯಮಿಸಬೇಕೆಂದು ಭಾರದ್ವಾಜನೂ, ಗುಟ್ಟಿನಲ್ಲಿ ಅವನಿಗೆ ಸಮಾನರಾದವರನ್ನೆಂದು ವಿಶಾಲಾಕ್ಷನೂ, ಪ್ರಾಣಾಪಾಯದಲ್ಲಿ ನೆರವಾದವರನ್ನೆಂದು ಪರಾಶರನೂ, ವಂಶಪಾರಂಪರ್ಯವಾಗಿ ಬಂದವರನ್ನೆಂದು ಕೌಣಪದಂತನೂ ಹೇಳುವರು. ಈ ನಾಲ್ಕೂ ಪರಿಚಯದ ಬೇರೆ ಬೇರೆ ರೂಪಗಳೇ. ನಿಗದಿಯಾದ ಆದಾಯವನ್ನಾಗಲಿ ಅದಕ್ಕಿಂತ ಹೆಚ್ಚನ್ನಾಗಲಿ ತಂದವನೇ ಯೋಗ್ಯನೆಂಬುದು ಪಿಶುನನ ಮತ. ವಾತವ್ಯಾಧಿಯು ಹೊಸಬರನ್ನೂ, ಬಾಹುದಂತೀಪುತ್ರನು ಕುಲ, ಪ್ರಜ್ಞೆ, ಶೌಚ ಮೊದಲಾದ ಗುಣವುಳ್ಳವರನ್ನೂ ಬಯಸುವರು. ಕೌಟಿಲ್ಯನಾದರೋ ಇವರಲ್ಲಿ ಒಬ್ಬರನ್ನೂ ನಿರಾಕರಿಸದೆ, ಎಲ್ಲವೂ ಯುಕ್ತವೇ ಎಂದು ಒಪ್ಪಿ, ಪುರುಷನ ಶಕ್ತಿಯನ್ನು ಕಾರ್ಯದಿಂದ ಅಳೆಯಬೇಕೆನ್ನುತ್ತಾನೆ. ಪರಿಚಯಕ್ಕೆ ಬಾಗಿಲು ಮುಚ್ಚಲಿಲ್ಲ. ಒಳಹೊಕ್ಕವನಿಗೆ ಅಳತೆಗೋಲನ್ನು ಹಿಡಿದನು, ಅಷ್ಟೇ.

ಆ ಅಳತೆಗೋಲಾದರೂ ನಿರ್ದುಷ್ಟವೇ? ಎರಡನೆಯ ಅಧಿಕರಣದ 9ನೆಯ ಅಧ್ಯಾಯವು, ವಿಧಿಸಿದ ಕಾರ್ಯವನ್ನು ಹೇಳಿದಂತೆಯೋ ಅದಕ್ಕಿಂತ ಮಿಗಿಲಾಗಿಯೋ ಸಾಧಿಸಿದವನಿಗೆ ಸ್ಥಾನಮಾನಗಳು ದೊರೆಯಬೇಕೆಂದು ವಿಧಿಸುತ್ತದೆ. ಅದೇ ಅಧ್ಯಾಯವೇ, ಆದಾಯವನ್ನು ಇಮ್ಮಡಿಗೊಳಿಸಿದವನು ನಾಡನ್ನೇ ತಿನ್ನುವವನೆಂದೂ ಎಚ್ಚರಿಸುತ್ತದೆ. ಹೆಚ್ಚು ತಂದುದು ಗುಣವೂ ಆಗಬಲ್ಲದು, ಅಪರಾಧವೂ ಆಗಬಲ್ಲದು. ಆದುದರಿಂದಲೇ ಅಧ್ಯಾಯದ ಕೊನೆಯಲ್ಲಿ, ಧನವನ್ನು ತಿನ್ನದೆ ನ್ಯಾಯದಿಂದ ಬೆಳೆಸಿದವರಿಗೆ ಮಾತ್ರ ಸ್ಥಿರವಾದ ಅಧಿಕಾರವನ್ನು ಹೇಳಿದೆ. ಕಾರ್ಯವನ್ನು ಮೊತ್ತದಿಂದ ಅಳೆದರೆ ಸಾಲದು, ಮಾರ್ಗದಿಂದಲೂ ಅಳೆಯಬೇಕೆಂಬ ಈ ವಿವೇಕವೇ ಗ್ರಂಥದ ಹಿರಿಮೆ.

ಆದರೆ ಮಾರ್ಗವನ್ನು ಪರೀಕ್ಷಿಸುವವನು ಅರಸನೇ. ಅವನ ಕಿವಿಗೆ ಸಮೀಪರಾದವರು ಯಾರು? ಐದನೆಯ ಅಧಿಕರಣದ 4ನೆಯ ಅಧ್ಯಾಯದಲ್ಲಿ, ಸೇವೆಯನ್ನು ಬಯಸುವವನು ಅರಸನಿಗೆ ಪ್ರಿಯರೂ ಹಿತರೂ ಆದವರ ಮೂಲಕ ಅವನನ್ನು ಆಶ್ರಯಿಸಬೇಕೆಂಬ ಉಪದೇಶವಿದೆ. ಅರಸನಿಗೆ ಕಾರ್ಯವನ್ನು ನೋಡೆಂದ ಗ್ರಂಥವೇ ಸೇವಕನಿಗೆ ಪರಿಚಯವನ್ನು ಹುಡುಕೆನ್ನುತ್ತದೆ. ಇದು ಲೋಕಾನುಭವವೆಂಬುದು ದಿಟ. ಆದರೂ ಇದರಿಂದ ಮೊದಲಿನ ತತ್ತ್ವವು ಸಡಿಲವಾಗದೆ ಇರಲಾರದು. ದೂರದ ಜನಪದದಲ್ಲಿ ನ್ಯಾಯದಿಂದ ದುಡಿದು, ಆಸ್ಥಾನದಲ್ಲಿ ಆಪ್ತರಿಲ್ಲದ ಅಧಿಕಾರಿಯ ಪಾಡಿಗೆ ಈ ಪ್ರಕರಣಗಳಲ್ಲಿ ಉತ್ತರವಿಲ್ಲ.

ಉತ್ತರದ ಬೀಜವು ಮೊದಲನೆಯ ಅಧಿಕರಣದ 19ನೆಯ ಅಧ್ಯಾಯದಲ್ಲಿದೆ: ಅರಸನಿಗೆ ತನ್ನ ಪ್ರಿಯವು ಹಿತವಲ್ಲ, ಪ್ರಜೆಗಳ ಪ್ರಿಯವೇ ಹಿತ ಎಂಬುದು ಅಲ್ಲಿಯ ಅಭಿಪ್ರಾಯ. ಈ ತತ್ತ್ವವನ್ನು ಅಧಿಕಾರಿಗಳ ಏಳಿಗೆಗೂ ಅನ್ವಯಿಸಿದ್ದರೆ, ಯಾರಿಗೆ ಪ್ರಿಯನೆಂಬ ಪ್ರಶ್ನೆಯು ಆಸ್ಥಾನದಿಂದ ಜನಪದಕ್ಕೆ ತಿರುಗುತ್ತಿತ್ತು. ಶಾಸ್ತ್ರಕಾರನು ಅಷ್ಟು ದೂರ ಹೋಗಲಿಲ್ಲ. ದಾರಿಯನ್ನು ಮಾತ್ರ ತೋರಿದ್ದಾನೆ.